ಕುರ್ಚಿಗೆ ಬಿದ್ದ ಏಟು

ಮಗಳ ಹಲ್ಲಿಗೆ ಮೊದಲ ಸಲ ಫಿಲ್ಲಿಂಗ್ ಮಾಡಿಸಿದ್ದು ಸಿಡ್ನಿಯಲ್ಲಿ. ಆಗ ಅವಳಿಗೆ ಆರು ವರ್ಷ. ಡೆಂಟಿಸ್ಟ್ ಕೆಳದವಡೆಯ ಹಿಂಬದಿಗೆ, ನರದ ಪಕ್ಕದಲ್ಲೇ ಇಂಜೆಕ್ಷನ್ ಕೊಟ್ಟರು. ಚುಚ್ಚಿದ್ದು ಒಂದು ಕ್ಷಣ, ಅಷ್ಟೇ. ಹಲ್ಲು ಕೊರೆದದ್ದು ಅವಳಿಗೆ ತಿಳಿಯಲೇ ಇಲ್ಲ. ಆದರೆ ಅರ್ಧ ತುಟಿ, ಅರ್ಧ ನಾಲಿಗೆಯೂ ಮರಗಟ್ಟಿದ್ದವು. ಮರಗಟ್ಟಿದ್ದು ಬಿಡುವವರೆಗೆ ಏನೂ ತಿನ್ನಿಸಬೇಡಿ ಎಂದಿದ್ದರು. ನಾವು ತಿನ್ನಿಸಲಿಲ್ಲ. ಹ್ಯಾರಿಸ್ ಪಾರ್ಕ್ ಬಡಾವಣೆಯ ಹೋಟೆಲಿನಲ್ಲಿ ಅಪ್ಪ ಮಸಾಲೆದೋಸೆ ತಿನ್ನುವುದನ್ನು ನೋಡುತ್ತ ಕೂತವಳು ತನ್ನ ತುಟಿಯನ್ನೇ ಅಗಿದುಬಿಟ್ಟಳು. ರಕ್ತ ಕಂಡು ನಾನು ಕರವಸ್ತ್ರ ಒತ್ತಿದೆ. ಅವಳಿಗೆ ನೋವೇ ಇಲ್ಲ. ಸಂಜೆಗೆ ತುಟಿ ಊದಿತು, ನೋವೂ ಬಂತು.

ನಮ್ಮಲ್ಲಿ ಮಗು ಎಡವಿ ಬಿದ್ದರೆ ನೆಲಕ್ಕೊಂದು ಏಟು ಹಾಕಿ ಸಮಾಧಾನ ಮಾಡುತ್ತೇವಲ್ಲ. "ಆ ಡೆಂಟಿಸ್ಟ್ ಚೇರ್‌ಗೆ ನೀನು ಹೊಡೀಲೇ ಇಲ್ಲ" ಎಂದು ಅವಳು ತುಂಬಾ ದಿನ ಗೊಣಗಿದಳು.

ಮರುವರ್ಷ ಮೆಲ್ಬರ್ನಿಗೆ ಬಂದೆವು. ಇನ್ನೊಂದು ಹಲ್ಲು ಹುಳುಕಾಯಿತು. ಬಾಯಿ ತೆರೆಯದಿದ್ದರೆ ಆಸ್ಪತ್ರೆಗೆ ಸೇರಿಸಿ, ಪೂರ್ತಿ ಪ್ರಜ್ಞೆ ತಪ್ಪಿಸಿ ಮಾಡಬೇಕಾಗುತ್ತದೆ ಎಂದರು ಇಲ್ಲಿನ ಡೆಂಟಿಸ್ಟ್. ಮಗಳು ಕುರ್ಚಿಯಲ್ಲಿ ತುಟಿ ಬಿಗಿದು ಕೂತಿದ್ದವಳು, ಹಲ್ಲು ಕಾಣದಂತೆ ಹೇಳಿದಳು:

"ಅಮ್ಮಾ, ಫಸ್ಟ್ ಹೊಡಿ."

"ಇನ್ನೂ ಏನೂ ಆಗೇ ಇಲ್ವಲ್ಲೇ."

"ಲಾಸ್ಟ್ ಟೈಮ್ ನೀನು ಮರ್ತೆ. ಈಗ್ಲೇ ಹೊಡಿ."

"ಕೊಡೇ ಒಂದು, ಅಡ್ವಾನ್ಸ್ ಅಂತ ಇರ್ಲಿ" ಎಂದರು ನನ್ನವರು.

ಕುರ್ಚಿಯ ಕೈಗೆ ಪಟ್ಟೆಂದು ಹೊಡೆದೆ. ಡೆಂಟಿಸ್ಟ್ ಬೆಚ್ಚಿದರು. ವಿಷಯ ವಿವರಿಸಿದೆ. ಆಕೆ ಗಂಭೀರವಾಗಿ ಬಗ್ಗಿ, "ಬ್ಯಾಡ್ ಚೇರ್!" ಎಂದು ತಾವೂ ಒಂದು ಬಿಟ್ಟರು. ಮಗಳು ಬಾಯಿ ತುಂಬ ನಕ್ಕಳು. ಬಾಯಿ ತೆರೆದಿತ್ತು.

ಮೊದಲು ವಸಡಿಗೆ ಹಣ್ಣಿನ ರುಚಿಯ ಜೆಲ್ ಸವರಿದರು. ಆಮೇಲೆ ಪೆನ್ನಿನಂಥದ್ದೊಂದು ಇಂಜೆಕ್ಷನ್, ಅದರ ಸಣ್ಣ ಕೊಳವೆ ಒಂದು ಮೆಷಿನ್ನಿಗೆ ಸೇರಿತ್ತು. ಮೆಷಿನ್ನು ಕೀಂ ಕೀಂ ಎನ್ನುತ್ತ, ಆ ಒಂದು ಹಲ್ಲಿನ ಬುಡಕ್ಕೆ ಮಾತ್ರ ಹನಿಹನಿಯಾಗಿ ಔಷಧಿ ಬಿಟ್ಟಿತು. ಸಿಡ್ನಿಯದಕ್ಕಿಂತ ಬಹಳ ನಿಧಾನ. ನನ್ನವರು ಗೋಡೆ ನೋಡುತ್ತ ಬಿಳಿಚಿಕೊಂಡರು. ಇದರಲ್ಲಿ ತುಟಿ ಮರಗಟ್ಟುವುದಿಲ್ಲ, ಆದರೆ ಎಲ್ಲ ಹಲ್ಲಿಗೂ ಇದೇ ಸರಿ ಎಂದಲ್ಲ, ಹಲ್ಲು ನೋಡಿ ತೀರ್ಮಾನ ಎಂದರು ಡೆಂಟಿಸ್ಟ್. ನಾನು ಮಗಳ ತುಟಿಯನ್ನೇ ಕಾಯುತ್ತಿದ್ದೆ.

ಫಿಲ್ಲಿಂಗ್ ಮುಗಿಯಿತು. ಅವಳು ಬೆರಳಿನಿಂದ ತುಟಿ ಮುಟ್ಟಿಕೊಂಡಳು, ಚಿವುಟಿಯೂ ನೋಡಿದಳು. "ಆವ್!" ಎಂದಳು, ಖುಷಿಯಿಂದ.

ಅಭ್ಯಾಸಬಲದಿಂದ ಕುರ್ಚಿಯತ್ತ ನನ್ನ ಕೈ ಎದ್ದಿತು. ಅವಳು ಹಿಡಿದುಕೊಂಡಳು.

"ನೋ ಅಮ್ಮಾ. ಪಾಪ, ಅದೇನೂ ಮಾಡ್ಲಿಲ್ಲ."

ಏಟು ಬಿದ್ದ ಜಾಗವನ್ನು ಸವರಿ ಇಳಿದಳು.