ಜೆಟ್ಟಿಗಾಗಿ ಮಾಡಿದ ಕಣ

ಏಕೀಕರಣವಾದ ಮರುವರ್ಷದ ಸುಗ್ಗಿಯಲ್ಲಿ ಮುಂಬೈ ರೈಲಿನಿಂದ ಹುಬ್ಬಳ್ಳಿಯಲ್ಲಿ ಇಳಿದು ನರಗುಂದದ ಬಸ್ಸು ಹತ್ತಿದೆ. ಚಾರ್ಜು ಒಂದು ರೂಪಾಯಿ ಎರಡಾಣೆ, ಧೂಳು ಪುಕ್ಕಟೆ. ನಮ್ಮದು ಪರದೇಶದ ಚಿಕ್ಕ ಜೆಟ್ ವಿಮಾನ ಮಾರುವ ಕಂಪನಿ. ಅದು ಇಳಿಯಲು ಜಾಗ ಗೊತ್ತು ಮಾಡುವುದು ನನ್ನ ಕೆಲಸ. ಗಜೇಂದ್ರಗಡದ ಹತ್ತಿ ಸಾಹುಕಾರ ಅಂದಾನೆಪ್ಪನವರು, "ನಮ್ಮ ಹೊಲದಾಗ ಇಳಿಸಿ ತೋರಿಸ್ರಿ, ಆಮ್ಯಾಲೆ ಮಾತು" ಎಂದಿದ್ದರು.

ನನಗೂ ಒಂದು ಆಸೆಯಿತ್ತು, ಹೇಳಿಬಿಡುತ್ತೇನೆ. ಆ ವಿಮಾನಕ್ಕಾಗಿ ವರ್ಷಗಟ್ಟಲೆ ಊರೂರು ಅಲೆದರೂ ಒಮ್ಮೆಯೂ ಅದರಲ್ಲಿ ಕೂತವನಲ್ಲ. ಇರುವುದೇ ನಾಲ್ಕು ಆಸನ. ಪೈಲಟ್, ಗಿರಾಕಿ, ಗಿರಾಕಿಯ ಅಳಿಯ, ನಮ್ಮ ಮ್ಯಾನೇಜರು ಎಂದು ತುಂಬಿಬಿಡುತ್ತಿದ್ದವು. ನಾನು ಕೆಳಗೆ ನಿಂತು ಅಂಗಿ ಝಾಡಿಸಿಕೊಂಡು ರೈಲು ಹಿಡಿಯುವವನು. ಈ ಸಲ ಬೆಳಗಾವಿಯಿಂದ ಪೈಲಟ್ ಒಬ್ಬನೇ ಬರುವವನಿದ್ದ. "ವಾಪಸು ಹೋಗುವಾಗ ನನ್ನ ಪಕ್ಕದ ಆಸನ ನಿನಗೆ" ಎಂದು ಮಾತು ಕೊಟ್ಟಿದ್ದ.

ನರಗುಂದದ ಗುಡ್ಡದ ಕೆಳಗಿದ್ದ ಸಾಹುಕಾರರ ಹೊಲ ಎರೆಭೂಮಿ. ಬಿರುಕುಗಳಲ್ಲಿ ಕಾಲೇ ಸಿಗಿಬೀಳುತ್ತಿತ್ತು, ವಿಮಾನದ ಗಾಲಿಯ ಮಾತೆಲ್ಲಿ! ಬೇಡವೆಂದು ಬರೆದುಕೊಂಡು ಖಾನಾವಳಿಗೆ ಬಂದೆ. ಖಡಕ್ ರೊಟ್ಟಿ, ಎಣಗಾಯಿ, ಗಟ್ಟಿ ಮೊಸರು.

"ಒಬ್ಬರ ಬಂದೀರೇನ್ರಿ?" ಎಂದು ಬಡಿಸುವ ಅವ್ವ ಕೇಳಿದಳು. "ಮನ್ಯಾಗ ಯಾರ‍್ಯಾರದಾರ?"

"ಯಾರೂ ಇಲ್ಲವ್ವಾ."

ಅವಳು ಇನ್ನೊಂದು ರೊಟ್ಟಿ ಹಾಕಿದಳು. ಹೊಟ್ಟೆ ತುಂಬಿದ್ದರೂ ತಿಂದೆ.

ಮರುದಿನ ರೋಣದ ಬಸ್ಸಿನಲ್ಲಿ ಪಕ್ಕದ ರೈತರೊಬ್ಬರಿಗೆ ವಿಮಾನದ ಕಥೆ ಹೇಳಿದೆ. ಮೊದಲು ಅದು ಸೈನ್ಯದವರಿಗೆ ಹಾರುವುದು ಕಲಿಸಲು ಮಾಡಿದ ಎರಡು ಆಸನದ ವಿಮಾನ. ಆಮೇಲೆ ಹೊಟ್ಟೆ ಅಗಲ ಮಾಡಿ, ಹಿಂದೆ ಇನ್ನೆರಡು ಆಸನ ಹಾಕಿ, ವ್ಯಾಪಾರಸ್ಥರಿಗೆಂದು ತಯಾರು ಮಾಡಿದರು. ಮುಂದೆ ತಿರುಗುವ ಫಂಕಾ ಇಲ್ಲ, ಎರಡು ಎಂಜಿನ್ ಹಿಂಭಾಗದಲ್ಲಿ ಜೋಡಿಯಾಗಿರುವುದರಿಂದ ಗದ್ದಲ ಹಿಂದೆಯೇ ಉಳಿಯುತ್ತದೆ. ಮೇಲೆ ಗಾಳಿ ತೆಳುವು, ಅದಕ್ಕೆ ಒಳಗೆ ಗಾಳಿ ತುಂಬಿ ಗಾಜಿನ ಮುಚ್ಚಳ ಬಿಗಿಯುತ್ತಾರೆ. ಮುಂಬೈ ಒಂದು ತಾಸಿನ ದಾರಿ. ಒಂದೇ ಕೊರತೆ, ನೆಲದ ಹತ್ತಿರ ಸುತ್ತಾಡಿಸಿದರೆ ಗಟಗಟ ಎಣ್ಣೆ ಕುಡಿಯುತ್ತದೆ.

"ಮುಂದ ಫಂಕಾ ಇಲ್ದ ಹ್ಯಾಂಗ ಹಾರತೈತ್ರಿ?"

"ಬೆಂಕಿ ಹಿಂದಕ್ಕ ಒದೀತದ, ವಿಮಾನ ಮುಂದಕ್ಕ ಹೋಗತದ."

"ನಮ್ಮ ಎಮ್ಮಿನೂ ಹಿಂದಕ್ಕ ಒದೀತೈತಿ. ಮುಂದಕ್ಕ ಮಾತ್ರ ಹೋಗೂದಿಲ್ಲ ನೋಡ್ರಿ!" ಬಸ್ಸೆಲ್ಲ ನಕ್ಕಿತು, ನಾನೂ ನಕ್ಕೆ.

ರೋಣದಲ್ಲಿದ್ದ ಸಾಹುಕಾರರ ಹೊಲದ ನಡುವೆ ಹಳ್ಳ ಹರಿದಿತ್ತು. ಕೊನೆಗೆ ಸಾಹುಕಾರರ ಜೀಪಿನಲ್ಲಿ ಮುಶಿಗೇರಿಗೆ ಹೋದೆ. ಅಲ್ಲಿಯ ಅವರ ಹೊಲ ಮಸಾರಿ, ಬಿರುಕು ಬಿಡದ ಕೆಂಪು ನೆಲ. ಉದ್ದಕ್ಕೆ ಚಾಪೆ ಹಾಸಿದಂತಿತ್ತು. ಅದನ್ನು ಸಾಗು ಮಾಡುತ್ತಿದ್ದ ಫಕೀರಪ್ಪ, "ಹ್ಯಾಂಗ ತಯಾರ ಮಾಡಬೇಕ್ರಿ?" ಎಂದು ಕೇಳಿದ.

"ಜ್ವಾಳದ ರಾಶಿಗೆ ಕಣಾ ಮಾಡತೀರಲ್ಲ, ಥೇಟ ಹಂಗ. ಗಟ್ಟಿ ಇರಬೇಕು, ಕಸಾ ಇರಬಾರ್ದು."

"ಇಷ್ಟ ಏನ್ರಿ? ಕಣಾ ಮಾಡೂದು ನಮಗ ಹೇಳಿಕೊಡಬೇಕೇನು! ನೀವು ನಿಶ್ಚಿಂತಿ ಇರ್ರಿ."

ವಿಮಾನ ತರಲು ಗಜೇಂದ್ರಗಡದಿಂದ ಬೆಳಗಾವಿಗೆ ತಾರು ಕೊಟ್ಟು ಸಾಹುಕಾರರ ಮನೆಯಲ್ಲಿ ಉಳಿದೆ. ಮನೆ ತುಂಬ ಮಂದಿ. ನನ್ನ ಕೋಣೆಯಲ್ಲಿ ಮಾತ್ರ ನಾನೊಬ್ಬನೇ. "ಎಲಿಅಡಕಿ ಉಗಳಾಕ ವಿಮಾನದ ಕಿಟಕಿ ತಗೀಬಹುದೇನ್ರಿ?" ಎಂದು ಸಾಹುಕಾರರು ಕೇಳಿದರು. ಹಾರುವಾಗ ತೆಗೆಯಲು ಬರುವುದಿಲ್ಲ ಎಂದಾಗ ಅವರ ಮುಖ ಗಂಭೀರವಾಯಿತು.

ವಿಮಾನ ಬರುವ ದಿನ ಅವರ ಜೊತೆ ಮುಶಿಗೇರಿಗೆ ಬಂದರೆ ಊರೇ ಹೊಲದಲ್ಲಿತ್ತು. ನೆಲ ಬಡಿದು, ಗುಡಿಸಿ, ಸೆಗಣಿ ಸಾರಿಸಿದ್ದರು. ನಟ್ಟನಡುವೆ ಒಂದು ಕಂಬ! ಕಣದಲ್ಲಿ ಎತ್ತು ಕಟ್ಟಿ ತಿರುಗಿಸುವ ಮೇಟಿ. ಅದಕ್ಕೆ ತೆನೆ, ಮಾವಿನ ತೊಪ್ಪಲು ಕಟ್ಟಿದ್ದರು. ನಾನು ಫಕೀರಪ್ಪನ ಕಡೆ ಓಡಿದೆ.

"ಅಯ್ಯಯ್ಯೋ, ಇದ್ಯಾಕ ನೆಟ್ಟೀರಿ?"

"ಮೇಟಿ ಇಲ್ಲದ ಕಣಾ ಎಲ್ಲೈತ್ರಿ ಸಾಹೇಬ್ರ?" ಎಂದ ಫಕೀರಪ್ಪ. "ಪೂಜಿನೂ ಆಗೇತಿ."

"ಕೀಳ್ರಿ ಲಗೂ!"

ಯಾರೂ ಮುಂದೆ ಬರಲಿಲ್ಲ. ಪೂಜೆಯಾದ ಮೇಟಿಯನ್ನು ರಾಶಿ ಮುಗಿಯುವ ಮೊದಲು ಕೀಳಬಾರದಂತೆ. ಸಾಹುಕಾರರೂ ಬೇಡವೆಂದು ಕೈಯಾಡಿಸಿದರು. ನಾನೇ ತಬ್ಬಿ ಹಿಡಿದು ಅಲುಗಾಡಿಸಿದೆ. ಅದು ಮಿಸುಕಲಿಲ್ಲ. ಅಷ್ಟರಲ್ಲಿ ಪಡುವಣದಿಂದ ಸದ್ದು ಬಂತು.

ಬೆಳ್ಳಿಯಂಥ ವಿಮಾನ ಗಾಲಿ ಬಿಟ್ಟುಕೊಂಡು ಇಳಿಯುತ್ತ ಬಂತು, ಕಂಬ ಕಂಡು ಮೇಲೇರಿತು. ಎರಡು ಸುತ್ತು ಹಾಕಿತು. ಟವೆಲ್ಲು ಬೀಸುತ್ತ ನಾನು ಹುಚ್ಚನಂತೆ ಓಡಿದೆ. ಪೈಲಟ್ ಕೈಯೆತ್ತಿದ್ದು ಗಾಜಿನೊಳಗೆ ಕಂಡಿತು. ಇನ್ನೂ ಸುತ್ತಿದರೆ ವಾಪಸು ಹೋಗಲು ಎಣ್ಣೆ ಸಾಲದೆಂದು ನನಗೆ ತಿಳಿಯಿತು. ಗಾಲಿ ಮಡಚಿಕೊಂಡು ವಿಮಾನ ಬೆಳಗಾವಿಯ ಕಡೆ ಹೋಯಿತು.

ಮಂದಿ ಕೇಕೆ ಹಾಕಿದರು. ಅವರಿಗೆ ನೋಡಿದ್ದೇ ಹಬ್ಬ. "ಚಲೋ ಐತ್ರಿ, ಆದರ ನಮಗ ಬ್ಯಾಡ" ಎಂದು ಸಾಹುಕಾರರು ಜೀಪು ಹತ್ತಿದರು. ನಾನು ಬದುವಿನ ಮೇಲೆ ಕೂತು ಅತ್ತುಬಿಟ್ಟೆ. ವ್ಯಾಪಾರ ಹೋದದ್ದಕ್ಕಲ್ಲ. ನನಗೂ ಒಂದು ಜಾಗವಿದೆ ಎಂದು ನಂಬಿಕೊಂಡು ಬಂದಿದ್ದೆ.

ಫಕೀರಪ್ಪ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತ. "ನಿಮ್ಮವರು ನಿಮ್ಮನ್ನ ಬಿಟ್ಟ ಹ್ವಾದ್ರಲ್ಲರಿ" ಎಂದ. ಮೇಟಿಗೂ ನನ್ನ ಅಳುವಿಗೂ ಇರುವ ಸಂಬಂಧ ಅವನಿಗೆ ಹೊಳೆಯಲೇ ಇಲ್ಲ, ನಾನೂ ಹೇಳಲಿಲ್ಲ.

ಸಂಜೆ ಗದಗಿನ ಬಸ್ಸಿಗೆ ಅವನೇ ನನ್ನ ಪೆಟ್ಟಿಗೆ ಹೊತ್ತು ತಂದ. ಬಸ್ಸು ಹೊರಡುವಾಗ ಕಂಡಕ್ಟರನ ತೋಳು ಹಿಡಿದು, "ಇವ್ರು ಒಬ್ಬರ ಅದಾರಪಾ, ಗದಗಿನ್ಯಾಗ ಜ್ವಾಕಿಲೆ ರೈಲ ಹತ್ತಸು" ಎಂದು ಎರಡೆರಡು ಸಲ ಹೇಳಿದ. ತಿರುಗಿ ನೋಡಿದರೆ ರಸ್ತೆಯಲ್ಲಿ ಇನ್ನೂ ನಿಂತಿದ್ದ. ಮುಂಬೈಯಲ್ಲಿ ಇಷ್ಟು ವರ್ಷ ಇದ್ದರೂ ನನ್ನ ಸಲುವಾಗಿ ಯಾರಿಗೂ ಯಾರೂ ಹಾಗೆ ಹೇಳಿದ್ದಿಲ್ಲ.