ಚಿಗುಸಾಳಿಗೆ ವಾಸನೆ ಹೋದ ಮೇಲೆ

ಜಪಾನಿನ ಒನೊಮಿಚಿಯ ಹಡಗು ಕಾರ್ಖಾನೆಯ ಹಿಂದಿನ ಗೇಟು ದಾಟಿದರೆ ಎದುರಿಗೇ ಹಮಾಯಾ ಊಟದ ಮನೆ. ಒಂದು ಉದ್ದನೆಯ ಕಟ್ಟೆ, ಅದರ ಮುಂದೆ ಸ್ಟೂಲುಗಳು, ಗೋಡೆಗೆ ಒತ್ತಿಕೊಂಡು ಎರಡು ಮೇಜು. ಬೆಸುಗೆಯವರು, ಬಣ್ಣ ಬಳಿಯುವವರು, ಕ್ರೇನಿನವರು ಮಧ್ಯಾಹ್ನದ ಊಟಕ್ಕೆ ಬರುತ್ತಿದ್ದುದು ಅಲ್ಲಿಗೇ. ಅನ್ನ, ಹುದುಗಿಸಿದ ಸೋಯಾ ಹಿಟ್ಟು ಕದಡಿದ ಮಿಸೊ ಸಾರು, ಒಂದು ಮೀನು, ಬೇಯಿಸಿದ ಸಿಹಿಗುಂಬಳದ ಎರಡು ಹೋಳು, ಮೂಲಂಗಿ ಉಪ್ಪಿನಕಾಯಿ, ಇಷ್ಟೇ. ಅನ್ನ ಮಾತ್ರ ಸಾಕೆನ್ನುವವರೆಗೆ. ಪಕ್ಕದ ತರಕಾರಿ ಅಂಗಡಿ ನಮ್ಮದು. ಕುಂಬಳ, ಮೂಲಂಗಿ ಹೋಗುತ್ತಿದ್ದುದು ನಮ್ಮಿಂದಲೇ. ಹಾಗಾಗಿ ಚಿಗುಸಾ ಆ ಮನೆಗೆ ಸೊಸೆಯಾಗಿ ಬಂದ ದಿನದಿಂದ ಅವಳನ್ನು ನಾನು ಬಲ್ಲೆ.

ಅವಳ ಅತ್ತೆ ಬಾಯಿಬಿಟ್ಟು ಏನನ್ನೂ ಕಲಿಸಿದವಳಲ್ಲ. ಸೊಸೆ ಮಾಡಿದ ಸಾರನ್ನು ಒಂದು ಚಮಚ ಬಾಯಿಗೆ ಹಾಕಿಕೊಳ್ಳುವಳು. ಸರಿಯಿಲ್ಲದಿದ್ದರೆ ಇಡೀ ಪಾತ್ರೆಯನ್ನು ಮೋರಿಗೆ ಸುರಿದು ಹೊಸದಾಗಿ ನೀರಿಡುವಳು. ಮಗಳು ಕಿನುವಿಗೆ ಆ ಕಾಟವಿರಲಿಲ್ಲ. ತಾಯಿಯ ನಾಲಿಗೆಯನ್ನೇ ಹೊತ್ತು ಹುಟ್ಟಿದ ಹುಡುಗಿ ಎಂದು ಬೀದಿಯವರೆಲ್ಲ ಹೇಳುತ್ತಿದ್ದರು. ಊಟದ ಮನೆ ಕಿನುವಿನದಾಗುತ್ತದೆ ಎಂದೇ ನಾವೂ ತಿಳಿದಿದ್ದೆವು. ಆದರೆ ಮುದುಕಿ ಸಾಯುವ ಮುಂಚೆ ಬೀಗದ ಕೈ ಕೊಟ್ಟಿದ್ದು ಸೊಸೆಗೆ. ಯಾಕೆಂದು ಹೇಳಲಿಲ್ಲ. ತಾಯಿಯ ಅಂತ್ಯಕ್ರಿಯೆ ಮುಗಿಸಿ ಎದುರು ದ್ವೀಪದ ತನ್ನ ಮನೆಗೆ ಹೋದ ಕಿನು ಮತ್ತೆ ಹಮಾಯಾದ ಹೊಸ್ತಿಲು ತುಳಿಯಲಿಲ್ಲ. ಅಣ್ಣ, ಅಂದರೆ ಚಿಗುಸಾಳ ಗಂಡ ಶೋಹೇ ತೀರಿಕೊಂಡಾಗಲೂ ಅಂತ್ಯಕ್ರಿಯೆಗೆ ಬೌದ್ಧ ದೇವಾಲಯಕ್ಕೆ ಬಂದು, ಊದುಬತ್ತಿ ಹಚ್ಚಿ, ಅಲ್ಲಿಂದಲೇ ದೋಣಿ ಹತ್ತಿದಳು.

ಗಂಡ ಹೋದ ಮೇಲೆ ಚಿಗುಸಾ ಒಬ್ಬಳೇ ಒಲೆ ನೋಡಿಕೊಂಡಳು. ಸಾರು ಕೆಡಲಿಲ್ಲ, ಜನ ಕಡಿಮೆಯಾಗಲಿಲ್ಲ. ಒಂದು ಚಳಿಗಾಲದಲ್ಲಿ ಗುಡ್ಡದ ಕಲ್ಲುಮೆಟ್ಟಿಲು ಇಳಿಯುವಾಗ ಕಾಲು ಜಾರಿ ಬಿದ್ದಳು. ತಲೆಯ ಹಿಂಭಾಗಕ್ಕೆ ಪೆಟ್ಟಾಯಿತು. ಆಸ್ಪತ್ರೆಯಿಂದ ಬಂದು, ತಲೆಗೆ ಬಟ್ಟೆ ಕಟ್ಟಿಕೊಂಡು, ಮತ್ತೆ ಒಲೆ ಮುಂದೆ ನಿಂತಳು. ವಾಸನೆ ಹೋಗಿರುವುದು ಅವಳಿಗೆ ತಿಳಿದದ್ದು ಆಮೇಲೆ. ಕುದಿಯುವ ಪಾತ್ರೆಯ ಮೇಲೆ ಬಾಗಿದರೆ ಮುಖಕ್ಕೆ ಬಿಸಿ ಹಬೆ ತಾಗುತ್ತಿತ್ತು, ಅಷ್ಟೇ. ನಾಲಿಗೆಗೆ ಉಪ್ಪು, ಸಿಹಿ, ಹುಳಿ ಗೊತ್ತಾಗುತ್ತಿತ್ತು. ಸಾರಿಗೆ ಹಾಕುವ ಒಣಮೀನಿನ ರಸದಲ್ಲಿ ಅದಕ್ಕಿಂತ ಹೆಚ್ಚಿನದೇನಿರುತ್ತದೋ ಅದು ಹೋಗಿತ್ತು.

ಯಾರಿಗೂ ಹೇಳಲಿಲ್ಲ. ಕೈಯ ಅಭ್ಯಾಸವನ್ನು ನಂಬಿ ಅಡುಗೆ ಮಾಡಿದಳು. ಆದರೆ ಸಾರು ಸಪ್ಪೆ ಅನ್ನಿಸುತ್ತಿದ್ದುದರಿಂದ ಒಂದಿಷ್ಟು ಮಿಸೊ ಹೆಚ್ಚಿಗೆ ಕದಡುವಳು, ಮಾರನೆಯ ದಿನ ಇನ್ನೊಂದಿಷ್ಟು. ಉಣ್ಣುವವರು ನೀರು ಹೆಚ್ಚು ಕುಡಿಯತೊಡಗಿದರು. ಕಡಾಯಿ ತಳ ಹಿಡಿದಾಗ ಯಾರಾದರೂ ಸುಮ್ಮನೆ ಒಲೆಯ ಕಡೆ ನೋಡುವರು. ಅವಳೂ ತಿರುಗಿ ನೋಡಿ ಉರಿ ಇಳಿಸುವಳು. ಗಂಡನನ್ನು ಕಳೆದುಕೊಂಡವಳು, ಈಗ ಬಿದ್ದು ಪೆಟ್ಟು ಬೇರೆ, ಅವಳೆದುರು ರುಚಿಯ ಮಾತೆತ್ತುವುದು ಯಾರಿಗೂ ಬೇಕಿರಲಿಲ್ಲ.

ಮುರೊಯಿ ಎಂಬಾತ ಕ್ರೇನ್ ನಡೆಸಿ ನಿವೃತ್ತನಾದವನು. ಊಟದ ಮನೆ ತೆರೆದಿದೆ ಎನ್ನಲು ಬಾಗಿಲಿಗೆ ಪರದೆ ಕಟ್ಟುತ್ತಿದ್ದಂತೆ ಬಂದು ಮೂಲೆಯ ಸ್ಟೂಲು ಹಿಡಿಯುವುದು ಅವನ ವಾಡಿಕೆ. ಮಳೆಗಾಲದ ಒಂದು ದಿನ ಚಿಗುಸಾ ಅವನಿಗೆ ಮಿಸೊದಲ್ಲಿ ಬೇಯಿಸಿದ ಬಂಗುಡೆ ಬಡಿಸಿದಳು. ಅವನು ಒಂದು ತುತ್ತು ಬಾಯಿಗಿಟ್ಟು ಅಲ್ಲೇ ನಿಲ್ಲಿಸಿದ. ಅದನ್ನು ಕಾಗದದ ಕರವಸ್ತ್ರಕ್ಕೆ ಉಗುಳಿ ಮಡಚಿದ. ಆಮೇಲೆ ಎದ್ದು, ಗಿರಾಕಿಗಳಾರೂ ಕಾಲಿಡದ ಒಲೆಯ ಬದಿಗೆ ಹೋಗಿ, ಮೀನಿನ ಪಾತ್ರೆಗೆ ಮುಚ್ಚಳ ಹಾಕಿದ. ಅಷ್ಟರಲ್ಲಿ ಒಳಗೆ ಬಂದ ಇಬ್ಬರು ಬೆಸುಗೆ ಹುಡುಗರಿಗೆ, ಇವತ್ತು ಮೀನು ತೀರಿದೆ, ಮೊಟ್ಟೆ ಹಾಕಿಸಿಕೊಳ್ಳಿ ಎಂದ. ಚಿಗುಸಾ ಮೊಟ್ಟೆ ಹುರಿದಳು. ಇದನ್ನೆಲ್ಲ ನಾನು ಹಿಂಬಾಗಿಲಿನಿಂದ ಕಂಡೆ. ಕುಂಬಳ ಇಳಿಸಲು ಬಂದಿದ್ದೆ.

ಊಟದವರೆಲ್ಲ ಹೋದ ಮೇಲೆ ಅವಳು ಮುರೊಯಿಯ ಎದುರು ಬಂದು ನಿಂತಳು.

"ಮೀನು ಕೆಟ್ಟಿತ್ತಾ?"

"ವಾಸನೆ ಬರ್ತಿತ್ತು, ಚಿಗುಸಾ-ಸಾನ್."

"ನನಗೆ ಬರಲಿಲ್ಲ. ಚಳಿಗಾಲದಿಂದ ಏನೂ ಬರ್ತಿಲ್ಲ."

"ಗೊತ್ತು."

"ಗೊತ್ತು ಅಂದ್ರೆ?"

ಮುರೊಯಿ ತಲೆ ತಗ್ಗಿಸಿದ. ಸಾರಿಗೆ ಉಪ್ಪು ಏರಿದಾಗಿನಿಂದ ಎಲ್ಲರಿಗೂ ಅನುಮಾನವಿತ್ತು ಎಂದು ಹೇಳಿದ.

"ಎಲ್ರೂ ನನ್ನ ಮೇಲೆ ಕನಿಕರಪಟ್ಕೊಂಡು ಉಣ್ತಿದ್ರಿ, ಅಲ್ವಾ?" ಎಂದಳು. ಅವಳ ದನಿ ಏರಲಿಲ್ಲ. "ಆ ಹುಡುಗರು ಅದನ್ನ ತಿಂದು ಆಸ್ಪತ್ರೆ ಸೇರಿದ್ರೆ ಅವರ ತಾಯಿಗೆ ನಾನು ಏನು ಹೇಳ್ಬೇಕಿತ್ತು?"

ಅವತ್ತೇ ಪರದೆ ಬಿಚ್ಚಿ ಒಳಗೆ ಮಡಚಿಟ್ಟಳು. ದೊಡ್ಡ ಆಸ್ಪತ್ರೆಗೆ ಹೋಗಿ ಬಂದಳು. ಪೆಟ್ಟಿನಿಂದ ಹೋದದ್ದು, ಇಷ್ಟು ದಿನ ಬಾರದ್ದು ಇನ್ನು ಬರುವುದು ಅನುಮಾನ ಎಂದರಂತೆ. ಕಾರ್ಖಾನೆಯವರು ಪೊಟ್ಟಣದ ಊಟ ತಂದು ಗೇಟಿನ ಪಕ್ಕ ಕೂತು ತಿನ್ನತೊಡಗಿದರು. ಮುರೊಯಿ ಮಾತ್ರ ದಿನವೂ ಬಂದು, ಮುಚ್ಚಿದ ಬಾಗಿಲು ನೋಡಿ, ಹಿಂದಕ್ಕೆ ಹೋಗುತ್ತಿದ್ದ.

ಒಂದು ಬೆಳಿಗ್ಗೆ ಚಿಗುಸಾ ನನ್ನನ್ನು ಜೊತೆಗೆ ಕರೆದುಕೊಂಡು ದೋಣಿ ಹತ್ತಿದಳು. ಎಲ್ಲಿಗೆ ಎಂದು ಕೇಳುವ ಅಗತ್ಯವಿರಲಿಲ್ಲ. ಕಿನು ದಡದ ಮೇಲೆ ಪುಟ್ಟ ಮೀನುಗಳನ್ನು ಬಲೆಯ ತಟ್ಟೆಗಳಲ್ಲಿ ಹರಡುತ್ತಿದ್ದಳು. ನಮ್ಮನ್ನು ಕಂಡೂ ಕೆಲಸ ನಿಲ್ಲಿಸಲಿಲ್ಲ. ಚಿಗುಸಾ ನಡೆದದ್ದನ್ನೆಲ್ಲ ಹೇಳಿದಳು, ಕೆಟ್ಟ ಮೀನಿನ ವಿಷಯವನ್ನೂ ಬಿಡಲಿಲ್ಲ. ಆಮೇಲೆ ಸೊಂಟದವರೆಗೆ ಬಾಗಿದಳು.

"ಅಮ್ಮನ ಸಾರು ಹೇಗಿತ್ತು ಅಂತ ಇನ್ನು ನಿನ್ನ ನಾಲಿಗೆಗೆ ಮಾತ್ರ ಗೊತ್ತು. ಬಂದು ಹೇಳ್ತೀಯಾ?"

ಕಿನು ತಟ್ಟೆಯನ್ನು ಬಿಸಿಲಿಗೆ ಓರೆಯಾಗಿಟ್ಟು ಕೈ ಒರೆಸಿಕೊಂಡಳು.

"ಆವಾಗ ಒಂದು ಮಾತು ಕೇಳ್ಬಹುದಿತ್ತು ನನ್ನ. ಬೀಗದ ಕೈ ತಗೊಳ್ಳೋ ಮುಂಚೆ."

"ಕೇಳ್ಬಹುದಿತ್ತು. ಕೇಳಿದ್ರೆ ನೀನು ಬೇಕು ಅಂತೀಯ ಅಂತ ಹೆದರಿ ಕೇಳಲಿಲ್ಲ."

ಕಿನು ಇನ್ನೊಂದು ತಟ್ಟೆಗೆ ಕೈ ಹಾಕಿದಳು. ಬರುತ್ತೇನೆ ಎನ್ನಲಿಲ್ಲ. ಆದರೆ ಮರುದಿನ ಮೊದಲ ದೋಣಿಗೆ, ತಾನೇ ಒಣಗಿಸಿದ ಮೀನಿನ ಚೀಲ ಹೊತ್ತು, ಹಮಾಯಾದ ಹಿಂಬಾಗಿಲಲ್ಲಿ ನಿಂತಿದ್ದಳು. ಚಿಗುಸಾ ಮಾಡಿದ ಸಾರು ಬಾಯಿಗೆ ಹಾಕಿಕೊಂಡವಳು ಇಡೀ ಪಾತ್ರೆಯನ್ನು ಮೋರಿಗೆ ಸುರಿದು ಹೊಸದಾಗಿ ನೀರಿಟ್ಟಳು. ಚಿಗುಸಾ ಕಟ್ಟೆಗೆ ಒರಗಿಕೊಂಡು ಅತ್ತಳು. ಬಿದ್ದ ದಿನದಿಂದ ಅವಳು ಅತ್ತದ್ದನ್ನು ನಾನು ನೋಡಿದ್ದು ಆಗಲೇ ಮೊದಲು.

ಪರದೆ ಮತ್ತೆ ಬಾಗಿಲಿಗೆ ಬಂತು. ಬೆಳಿಗ್ಗೆ ಬಂದು ಮೀನು ಮೂಸಿ, ಸಾರು ನೋಡಿ, ಮಧ್ಯಾಹ್ನದ ದೋಣಿಗೆ ಹಿಂದಿರುಗುವುದು ಕಿನುವಿನ ಕ್ರಮವಾಯಿತು. ಅವರು ಗೆಳತಿಯರಾದರು ಎಂದು ಹೇಳಲಾರೆ. ಕಿನು "ಉಪ್ಪು" ಅನ್ನುವಳು, "ಇದಲ್ಲ" ಅನ್ನುವಳು, ಸರಿಯಿದ್ದರೆ ಏನೂ ಅನ್ನಳು. ಮೊದಲ ದಿನ ಮುರೊಯಿ ಸಾರು ಕುಡಿದು ಬಟ್ಟಲನ್ನು ಕೆಳಗಿಡದೆ ಹಾಗೇ ಹಿಡಿದು ಕೂತಿದ್ದ.

ಶೋಹೇಯ ವರ್ಷದ ಪೂಜೆಯ ದಿನ ಊಟದ ಮನೆಗೆ ರಜೆ. ನಾವು ಮೂವರೇ ಮೇಲಿನ ಕೋಣೆಯಲ್ಲಿ ಕೂತಿದ್ದೆವು. ಚಿಗುಸಾ ಬೀರುವಿನಿಂದ ಗಂಡನ ಕಾರ್ಖಾನೆ ಕೆಲಸದ ಕೋಟು ತೆಗೆದಳು. ಅವನು ಹೋದಾಗಿನಿಂದ ಅದನ್ನು ಒಗೆದಿರಲಿಲ್ಲ. ಕಬ್ಬಿಣ, ತಂಬಾಕು, ಬೆವರಿನ ವಾಸನೆಗಾಗಿ ಆಗಾಗ ಮುಖಕ್ಕೆ ಒತ್ತಿಕೊಳ್ಳುತ್ತಿದ್ದೆ ಎಂದಳು. ಅದನ್ನು ಕಿನುವಿನ ಮಡಿಲಲ್ಲಿಟ್ಟಳು.

"ಇನ್ನೂ ಇದೆಯಾ ನೋಡು."

ಕಿನು ಕಾಲರಿಗೆ ಮೂಗು ಹಚ್ಚಿದಳು, ಒಳಗಿನ ಅಸ್ತರಿಗೆ ಹಚ್ಚಿದಳು. ಅವಳ ಕಣ್ಣು ಮುಚ್ಚಿತ್ತು. ಸುಳ್ಳು ಹೇಳಲಿ ಎಂದು ನನ್ನ ಮನಸ್ಸು ಬೇಡುತ್ತಿತ್ತು.

"ಇಲ್ಲ, ಅತ್ತಿಗೆ," ಎಂದಳು. "ಹೋಗಿದೆ. ನುಸಿಗುಳಿಗೆಯ ವಾಸನೆ ಮಾತ್ರ."

ಹಮಾಯಾಗೆ ಮರಳಿ ಬಂದ ಮೇಲೆ ಕಿನು ಅವಳನ್ನು ಅತ್ತಿಗೆ ಎಂದು ಕರೆದದ್ದು ಅದೇ ಮೊದಲು. ಚಿಗುಸಾ ಮೆಲ್ಲಗೆ ತಲೆಯಾಡಿಸಿದಳು.

"ಹಾಗಾದ್ರೆ ಅವರ ವಾಸನೆ ನಾನು ಬಿದ್ದಿದ್ದಕ್ಕೆ ಹೋಗಿದ್ದಲ್ಲ," ಎಂದಳು. "ಅದಾಗೇ ಹೋಗ್ತಿತ್ತು."

ಸಂಜೆ ಅವರಿಬ್ಬರೂ ಹಿತ್ತಲ ನಲ್ಲಿಯ ಬಳಿ ಕೂತು ಆ ಕೋಟನ್ನು ಒಗೆದರು. ಬಟ್ಟೆ ದಪ್ಪ, ನೀರು ಕುಡಿದು ಭಾರವಾಗಿತ್ತು. ಒಂದು ತುದಿ ಹೆಂಡತಿ ಹಿಡಿದಳು, ಇನ್ನೊಂದು ತುದಿ ತಂಗಿ ಹಿಡಿದಳು, ಇಬ್ಬರೂ ಎದುರುಬದುರು ನಿಂತು ಹಿಂಡಿದರು.