ಹೊಟ್ಟೆಗೊಂದು ಪಲ್ಲಕ್ಕಿ

ಬಂಗಾರಪೇಟೆಯ ಮರದ ಮಂಡಿ ರಾಮಚಂದ್ರಪ್ಪನಿಗೆ ಸಂಗೀತವೆಂದರೆ ಮೈಕಿನಲ್ಲಿ ತನ್ನ ಹೆಸರು ಕೂಗುವುದು, ಅಷ್ಟೇ. ಇಂಥವನ ಮುಂದೆ ಕೈಕಟ್ಟಿ ನಿಲ್ಲುವುದು ಆದಿನಾರಾಯಣನ ಹಣೆಯಲ್ಲಿ ಬರೆದಿತ್ತು. ಹೆಣ್ಣು ನೋಡಲು ಬರುವವರ ಮುಂದೆ ಹಾಡಲೆಂದು ಊರಿನ ಹುಡುಗಿಯರಿಗೆ ಎರಡೆರಡು ದೇವರನಾಮ ಕಲಿಸಿ ಹೊಟ್ಟೆ ಹೊರೆಯುವ ಹಾರ್ಮೋನಿಯಂ ಮೇಷ್ಟ್ರು ನಾಟಕವಾಡಲು ಟೆಂಟು ಎಲ್ಲಿಂದ ತಂದಾನು? ದುಡ್ಡು ಕೊಟ್ಟು ಟೆಂಟು ಹಾಕಿಸಿದವನು ರಾಮಚಂದ್ರಪ್ಪನೇ.

ಅವನಿಗೆ ಒಂದೇ ಹುಚ್ಚು. ತನ್ನ ಹೊಟ್ಟೆಗೇ ಬೇರೆ ಪಲ್ಲಕ್ಕಿ ಮಾಡಿಸಿ ಊರವರಿಂದ ಹೊರಿಸಿದ ಪಾಳೇಗಾರನನ್ನು ಗೇಲಿ ಮಾಡುವ ಹಳೆಯ ಪದ್ಯ. ಅವನ ಗುರು, ಬೂದಿಕೋಟೆಯ ಬೈರಪ್ಪನವರು, ಅದನ್ನು ಒಬ್ಬ ಗೌಡನ ಜಗುಲಿಯ ಮುಂದೆ ಹಾಡಿ ಹುಣಸೆ ಬರಲಿನ ಏಟು ತಿಂದಿದ್ದರು. ಸಾಯುವ ಮುಂಚೆ ಶಿಷ್ಯನಿಗೆ ಬೆನ್ನಿನ ಬರೆ ತೋರಿಸಿ, "ಮುಟ್ಟಬೇಕಾದೋನಿಗೆ ಮುಟ್ಟೋ ಅಂಗೆ ಹೇಳ್ಬೇಕು ಕಣ್ಲಾ. ಇಲ್ದಿದ್ರೆ ಬಾಯಿ ಮುಚ್ಕೊಂಡಿರು" ಅಂದಿದ್ದರು.

ಆ ಮಾತು ಆದಿನಾರಾಯಣನನ್ನು ಹತ್ತು ವರ್ಷ ಕೊರೆಯಿತು. ಕಡೆಗೆ ೧೯೫೮ರಲ್ಲಿ ಪದ್ಯವನ್ನು ಹೊಸ ಕಾಲದ ಸಂಗೀತ ನಾಟಕ ಮಾಡಿದ. ಪಾಳೇಗಾರನ ಪೇಟ ಕಿತ್ತು ಕೋಟು, ಕನ್ನಡಕ ಹಾಕಿಸಿದ. ಆಟ ಚಿನ್ನದ ಗಣಿಯ ಚಾಂಪಿಯನ್ ರೀಫ್ಸಿನಲ್ಲಾದ್ದರಿಂದ ಗಣಿಯ ಕೂಲಿಯವರಿಗೆ ಹಿಡಿಸಲೆಂದು ತಮಿಳು, ತೆಲುಗು ಮಟ್ಟುಗಳನ್ನೂ ಸೇರಿಸಿದ. ಪಲ್ಲಕ್ಕಿಯ ಪದಕ್ಕೆ ಮಾತ್ರ ಗುರುವಿನ ಮಟ್ಟನ್ನೇ ಉಳಿಸಿದ:

ಮುಂದೆ ಹೊಟ್ಟೆ, ಹಿಂದೆ ದೊರೆ,
ಊರೇ ಹೊರಬೇಕು ಇವನ ಹೊರೆ.

ಆಟದ ಸಂಜೆ ರಾಮಚಂದ್ರಪ್ಪ ಬಂದ. ನಾಟಕದ ಒಂದಕ್ಷರ ಕೇಳಿದವನಲ್ಲ.

"ನಂಗೆ ಹಾರ ಆಕೋದು ಯಾವಾಗಯ್ಯಾ?"

"ಕೊನೇಲಿ, ಸ್ವಾಮಿ."

"ಕೊನೇಲಿ ಯಾವನಿರ್ತಾನೆ? ನಡುವೆ ಅದೇನೋ ಪಲ್ಲಕ್ಕಿ ಪದ ಐತಂತಲ್ಲ, ಅದನ್ನ ತೆಗಿ. ಆ ಹೊತ್ನಾಗೆ ಆಕ್ಸು."

ಆದಿನಾರಾಯಣ ಗೋಗರೆದ. "ಟೆಂಟು ಬಿಚ್ಚಿಸ್ಲಾ?" ಅಂದ ಮಂಡಿಯವನು. ಆದಿನಾರಾಯಣ ತಲೆ ತಗ್ಗಿಸಿದ. ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಹಾರದ ಹೊತ್ತು ಬಂತು. ಪರದೆಯ ಹಿಂದೆ ಬಣ್ಣದ ಪಲ್ಲಕ್ಕಿ ಕಂಡದ್ದೇ ತಡ, ಆ ದೊಡ್ಡಮನುಷ್ಯ ಕುರ್ಚಿ ಬೇಡವೆಂದ. "ಇದ್ರಾಗೇ ಓಗ್ತೀನಿ, ಎತ್ರಲಾ!" ನಾಲ್ವರು ನಟರು ಏದುಸಿರು ಬಿಡುತ್ತ ಎತ್ತಿದರು. ಪರದೆಯ ಸಂದಿಯಿಂದ ಮೊದಲು ಹೊಟ್ಟೆ ಬಂತು. ರಾಮಚಂದ್ರಪ್ಪ ಆಮೇಲೆ ಬಂದ.

ಆದಿನಾರಾಯಣನ ಬೆರಳು ಕೇಳಲಿಲ್ಲ. ಗುರುವಿನ ಮಟ್ಟು ಹಿಡಿದೇಬಿಟ್ಟ. ಮೂರು ತಿಂಗಳು ಕಲಿತಿದ್ದ ಮೇಳದವರು ಪದ ಎತ್ತಿಕೊಂಡರು. ಗಣಿಯವರು ಬಿದ್ದು ಬಿದ್ದು ನಕ್ಕರು, "ಒನ್ಸ್ ಮೋರ್" ಎಂದು ಕೂಗಿದರು. ಮುಟ್ಟಿತು, ಈಗ ಮುಟ್ಟಿತು ಎಂದುಕೊಂಡು ಆದಿನಾರಾಯಣ ಏಟಿಗೆ ಬೆನ್ನು ಗಟ್ಟಿಮಾಡಿ ಕೂತ.

ರಾಮಚಂದ್ರಪ್ಪ ಜನಕ್ಕೆ ಕೈ ಮುಗಿದ. ಆಮೇಲೆ ಹಾರ್ಮೋನಿಯಂ ಕಡೆ ಕೈಯಾಡಿಸಿ ತಾನೇ "ಒನ್ಸ್ ಮೋರ್!" ಅಂದ. ಮೂರು ಸಲ ಹಾಡಿಸಿದ. ಕೆಳಗಿಳಿದಾಗ ಅವನ ಕಣ್ಣಲ್ಲಿ ಆನಂದದ ನೀರಿತ್ತು.

"ನಂಗೇ ಅಂತ ಕಟ್ಟಿದಂಗೈತಲ್ಲಯ್ಯಾ!"

"ಹೌದು ಸ್ವಾಮಿ, ನಿಮ್ಮಂಥೋರಿಗೇ ಕಟ್ಟಿದ್ದು."

ಮಂಡಿಯವನು ಅಲ್ಲೇ ಬೆಳ್ಳಿ ಪದಕ ತರಿಸಿ ಅವನ ಅಂಗಿಗೆ ಚುಚ್ಚಿದ.

ಮರುದಿನ ಬೆಳಿಗ್ಗೆ ಹೆಂಡತಿ ಕದಿರಮ್ಮ ಪದಕ ತೊಳೆದು ದೇವರ ಗೂಡಿನಲ್ಲಿಡಲು ಹೋದಳು. ಆದಿನಾರಾಯಣ ಕಿತ್ತುಕೊಂಡ.

"ಬೈರಪ್ಪನೋರು ಪುಣ್ಯವಂತ್ರು ಕಣೇ. ಅವ್ರಿಗೆ ಸಿಕ್ಕಿದ್ದ ಗೌಡನಿಗೆ ಅರ್ಥ ಆಗಿತ್ತು."

ಹಿತ್ತಲಿಗೆ ಹೋಗಿ ಪದಕವನ್ನು ಎಮ್ಮೆಯ ಕೊರಳಿಗೆ ಕಟ್ಟಿದ.